ಓಲೆಗರಿಗಳಿಗೆ ಮರುಜೀವವಿತ್ತ ಮಹಾಮಹೋಪಾಧ್ಯಾಯ ಸ್ವಾಮಿನಾಥ ಅಯ್ಯರ್

ಪ್ರಾಚೀನ ಗ್ರಂಥಗಳನ್ನು ಇಂದಿನವರು ಏಕೆ ಓದಬೇಕೆಂಬ ಪ್ರಶ್ನೆ ವಿದ್ಯಾಲಯಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಕೇಳುವವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಪಾಲಕರಿದ್ದಾರೆ. ಒಮ್ಮೊಮ್ಮೆ ಅಧ್ಯಾಪಕರೂ ಇದ್ದಾರೆ. ಒಂದು ಕಾಲಕ್ಕೆ ಇದೇ ಪ್ರಶ್ನೆ ತಿರುವುಮುರುವಾಗಿ ಒಬ್ಬ ತರುಣ ಪಂಡಿತರ ಎದುರಿಗೆ ಬಂದು ನಿಂತಿತು. ಅವರು ಅದಕ್ಕೆ ಉತ್ತರ ಹೇಳಲು ಅರವತ್ತು ವರ್ಷಗಳ ಆಯುಷ್ಯವನ್ನೇ ತೆತ್ತರು. ಅವರೇ ತಮಿಳುನಾಡಿನ ಮಹಾಮಹೋಪಾಧ್ಯಾಯ ಉ. ವೇ. ಸ್ವಾಮಿನಾಥ ಅಯ್ಯರ್.

ಅಯ್ಯರರು 1855ರ ಫೆಬ್ರವರಿ 19ರಂದು ತಂಜಾವೂರು ಸೀಮೆಯ ಉತ್ತಮದಾನಪುರವೆಂಬ ಚಿಕ್ಕ ಗ್ರಾಮದ ಮನೆತನದಲ್ಲಿ ಜನಿಸಿದರು. ತಂದೆ ವೇಂಕಟಸುಬ್ಬಯ್ಯರ್ ಸಂಗೀತ ವಿದ್ವಾಂಸರು, ಸಂಪಾದನೆ ಅಲ್ಪ. ಮಗನೂ ಸಂಗೀತಗಾರನಾಗಲೆಂಬುದು ಅವರ ಆಸೆಯಾಗಿತ್ತು. ಬಾಲಕನ ಮನಸ್ಸಾದರೋ ತಮಿಳಿನ ಕಡೆಗೇ ಹರಿಯಿತು. 1871ರಲ್ಲಿ ಆತನಿಗೆ ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯತ್ವ ದೊರೆಯಿತು. ಪಿಳ್ಳೆಯವರು ತಿರುವಾವಡುದುರೈ ಶೈವಮಠದ ಆಸ್ಥಾನ ವಿದ್ವಾಂಸರು. 1876ರಲ್ಲಿ ಗುರುಗಳು ಶಿವಸಾಯುಜ್ಯವನ್ನು ಹೊಂದಿದಾಗ, ಮಠಾಧಿಪತಿಗಳಾದ ಸುಬ್ರಹ್ಮಣ್ಯ ದೇಶಿಕರು ಆ ಬಡ ಶಿಷ್ಯನನ್ನು ಕೈಬಿಡಲಿಲ್ಲ; ಅನ್ನವನ್ನೂ ಆಶ್ರಯವನ್ನೂ ಇತ್ತು ತಾವೇ ಪಾಠ ಹೇಳಿದರು. ಮಠಗಳು ವಿದ್ಯೆಗೆ ಮಾಡಿದ ಉಪಕಾರಕ್ಕೆ ಇದಕ್ಕಿಂತ ಉಜ್ವಲವಾದ ನಿದರ್ಶನ ವಿರಳ.

1880ರಲ್ಲಿ ಅಯ್ಯರರು ಕುಂಭಕೋಣದ ಸರಕಾರಿ ಕಾಲೇಜಿನಲ್ಲಿ ತಮಿಳು ಪಂಡಿತರಾದರು. ಆ ವರ್ಷದ ಅಕ್ಟೋಬರ್ 21ರಂದು ಅಲ್ಲಿಗೆ ಮುನಸೀಫರಾಗಿ ಬಂದಿದ್ದ ಸೇಲಂ ರಾಮಸ್ವಾಮಿ ಮೊದಲಿಯಾರರನ್ನು ಕಾಣಲು ಹೋದರು. ಮುನಸೀಫರು ಅವರ ಓದನ್ನು ವಿಚಾರಿಸಿದರು. ಅಯ್ಯರರು ತಾವು ಕಲಿತ ಸ್ಥಳಪುರಾಣಗಳು, ಅಂದಾದಿಗಳು, ಕಲಂಬಕಗಳ ಹೆಸರುಗಳನ್ನು ಸಾಲುಸಾಲಾಗಿ ಹೇಳಿದರು. ಕೇಳುವವರ ಮುಖದಲ್ಲಿ ಮೆಚ್ಚುಗೆ ಮೂಡಲಿಲ್ಲ. ಇವೆಲ್ಲ ಈಚಿನವು, ಇವುಗಳಿಗೆ ಮೂಲವಾದ ಹಳೆಯ ಕಾವ್ಯಗಳನ್ನು ಓದಿದ್ದುಂಟೇ ಎಂದು ಅವರು ಮತ್ತೆ ಪ್ರಶ್ನಿಸಿದರು. ಜೀವಕ ಚಿಂತಾಮಣಿ, ಶಿಲಪ್ಪದಿಕಾರಂ, ಮಣಿಮೇಖಲೈ ಎಂಬ ಹೆಸರುಗಳನ್ನು ಹೇಳಿದರು. ಇಷ್ಟೆಲ್ಲ ಕಲಿತಿದ್ದ ಪಂಡಿತರು ಆ ಗ್ರಂಥಗಳನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಅವರ ಅಭಿಮಾನಕ್ಕೆ ಪೆಟ್ಟು ಬಿದ್ದಿತು. ಆದರೆ ಆ ಪೆಟ್ಟನ್ನು ಅವರು ದ್ವೇಷವಾಗಿ ಬೆಳೆಸಿಕೊಳ್ಳಲಿಲ್ಲ. ಮುನಸೀಫರಿತ್ತ ಚಿಂತಾಮಣಿಯ ಪ್ರತಿಯನ್ನು ಕೈಗೆತ್ತಿಕೊಂಡು ವಿದ್ಯಾರ್ಥಿಯಂತೆ ಮೊದಲಿನಿಂದ ಓದಲು ಕುಳಿತರು.

ಓದು ಸುಲಭವಾಗಿರಲಿಲ್ಲ. ತಿರುತ್ತಕ್ಕದೇವರ ಆ ಕಾವ್ಯ ಜೈನಕೃತಿ, ಜೀವಂಧರನ ಚರಿತ್ರೆ. ಇದೇ ಕಥೆಯನ್ನು ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಷಟ್ಪದಿಯಲ್ಲಿ ಹಾಡಿದ್ದಾನೆ. ಶೈವ ಪರಂಪರೆಯಲ್ಲಿ ಬೆಳೆದ ಅಯ್ಯರರಿಗೆ ಜೈನಮತದ ಪರಿಭಾಷೆ ತಿಳಿಯದು. ಆಗ ಅವರು ಕುಂಭಕೋಣದ ಜೈನ ಗೃಹಸ್ಥರ ಮನೆಬಾಗಿಲಿಗೆ ಹೋದರು. ತಾವು ಕಷ್ಟಪಟ್ಟು ಬಿಡಿಸುತ್ತಿದ್ದ ಗ್ರಂಥವು ಅಲ್ಲಿ ಪಾರಾಯಣದ ಗ್ರಂಥವಾಗಿ ನಿತ್ಯಜೀವನದಲ್ಲಿ ಉಸಿರಾಡುತ್ತಿರುವುದನ್ನು ಕಂಡು ಬೆರಗಾದರು. ಕಾಲೇಜಿನ ಪಂಡಿತರೆಂಬ ಬಿಂಕವನ್ನು ಬದಿಗಿಟ್ಟು ಅವರಿಂದ ಪಾಠ ಹೇಳಿಸಿಕೊಂಡರು. ಶೈವರಲ್ಲಿ ಕೆಲವರು ಈ ಪರಮತದ ಕಾವ್ಯದ ಗೊಡವೆ ಏಕೆಂದು ಆಕ್ಷೇಪಿಸಿದರು. ಆದರೂ ತಿರುವಾವಡುದುರೈ ಮಠದ ಭಂಡಾರದ ಓಲೆಪ್ರತಿಗಳು ಅವರಿಗೆ ಮುಕ್ತವಾಗಿಯೇ ಇದ್ದವು.

ಓಲೆಗರಿಯನ್ನು ಓದುವುದೇ ಒಂದು ತಪಸ್ಸು. ಗರಿ ತೂತಾದೀತೆಂದು ಲಿಪಿಕಾರರು ಅರ್ಧಾಕ್ಷರದ ಚುಕ್ಕೆಯನ್ನು ಇಡುತ್ತಿರಲಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿಲ್ಲ. ಪದ್ಯವೆಲ್ಲಿ ಮುಗಿಯಿತು, ವ್ಯಾಖ್ಯಾನವೆಲ್ಲಿ ಮೊದಲಾಯಿತು ಎಂಬುದೂ ತೋರದು. ಹುಳು ತಿಂದ ಒಂದು ಗರಿಯಲ್ಲಿ ಲುಪ್ತವಾದ ಪದಕ್ಕಾಗಿ ಊರೂರು ಅಲೆದು ಬೇರೆ ಪ್ರತಿಗಳನ್ನು ಹುಡುಕಬೇಕು. ಹೀಗೆ ಅಲೆಯುವಾಗ ಅವರು ಕೇಳಿದ ಸುದ್ದಿಗಳು ಎದೆ ನಡುಗಿಸುವಂಥವು. ಕೆಲವರು ಮನೆಯ ಹಳೆಯ ಓಲೆಕಟ್ಟುಗಳನ್ನು ಆಷಾಢದ ಪ್ರವಾಹದಲ್ಲಿ ಹೊಳೆಗೆ ಬಿಟ್ಟಿದ್ದರು; ಒಂದು ದೇವಾಲಯದಲ್ಲಿ ಅವನ್ನು ಹೋಮಾಗ್ನಿಗೆ ಅರ್ಪಿಸಿದ್ದರು. ಅವರಾರೂ ದುಷ್ಟರಲ್ಲ. ಓದುವವರಿಲ್ಲದ ಗ್ರಂಥಕ್ಕೆ ಗೌರವದ ಅಂತ್ಯಸಂಸ್ಕಾರ ಮಾಡಿದೆವೆಂದೇ ಅವರು ನಂಬಿದ್ದರು.

ಮುಂಗಡ ಸಹಿಗಳನ್ನು ಕೂಡಿಸಿ, ಸಾಲ ಮಾಡಿ, ರಜೆಯ ದಿನಗಳಲ್ಲಿ ಮದರಾಸಿಗೆ ಹೋಗಿ ಕರಡು ತಿದ್ದಿ, ಅಯ್ಯರರು 1887ರಲ್ಲಿ ಚಿಂತಾಮಣಿಯನ್ನು ಪ್ರಕಟಿಸಿದರು. 1889ರಲ್ಲಿ ಪತ್ತುಪ್ಪಾಟ್ಟು, 1892ರಲ್ಲಿ ಶಿಲಪ್ಪದಿಕಾರಂ, 1894ರಲ್ಲಿ ಪುರನಾನೂರು, 1898ರಲ್ಲಿ ಮಣಿಮೇಖಲೈ ಬೆಳಕು ಕಂಡವು. ಮಣಿಮೇಖಲೈ ಬೌದ್ಧಕಾವ್ಯ, ಅದರ ತತ್ತ್ವವನ್ನು ತಿಳಿಸಬಲ್ಲ ಬೌದ್ಧರು ಆ ಸೀಮೆಯಲ್ಲಿ ಉಳಿದಿರಲಿಲ್ಲ. ಸಹೋದ್ಯೋಗಿಗಳಾದ ರಂಗಾಚಾರ್ಯರು ಇಂಗ್ಲಿಷಿನ ಗ್ರಂಥಗಳನ್ನು ಓದಿ ಅವರಿಗೆ ವಿವರಿಸಿದರು. ಶೈವಮಠದಲ್ಲಿ ಕಲಿತವರು ಜೈನರಿಂದ ಅರಿತು, ವೈಷ್ಣವ ಮಿತ್ರರ ನೆರವಿನಿಂದ ಬೌದ್ಧಕಾವ್ಯವನ್ನು ಉಳಿಸಿದ ಈ ವೃತ್ತಾಂತವೇ ಹಳೆಯ ಗ್ರಂಥಗಳು ಮನುಷ್ಯನನ್ನು ಎಷ್ಟು ದೊಡ್ಡವನನ್ನಾಗಿ ಮಾಡಬಲ್ಲವು ಎಂಬುದಕ್ಕೆ ಸಾಕ್ಷಿ.

ಈ ಕಾವ್ಯಗಳು ನಾಡಿಗೆ ಕೊಟ್ಟುದೇನು? ಶಿಲಪ್ಪದಿಕಾರದಲ್ಲಿ ವರ್ತಕನ ಪತ್ನಿಯಾದ ಕಣ್ಣಗಿ ಅರಸನ ಸಭೆಗೆ ನುಗ್ಗಿ ಅವನ ನ್ಯಾಯವನ್ನು ಪ್ರಶ್ನಿಸುತ್ತಾಳೆ. ತಪ್ಪನ್ನರಿತ ಅರಸ ಪ್ರಾಣ ಬಿಡುತ್ತಾನೆ. ಅಧಿಕಾರವು ನ್ಯಾಯಕ್ಕೆ ಉತ್ತರ ಕೊಡಬೇಕೆಂಬ ಪಾಠ ಯಾವ ಕಾಲಕ್ಕೆ ಬೇಡ? ಪುರನಾನೂರಿನಲ್ಲಿ ಅರಸರ ಪರಾಕ್ರಮದೊಡನೆ ಕವಿಗಳ ಹಸಿವೂ, ಮಗನನ್ನು ಯುದ್ಧಕ್ಕೆ ಕಳುಹಿದ ತಾಯಿಯ ಹೃದಯವೂ ಇವೆ. ಭಾಷೆ ಹಳತಾದರೂ ಆ ಸಂಕಟ ಹಳತಾಗಿಲ್ಲ.

ಅಯ್ಯರರಿಗೆ 1906ರಲ್ಲಿ ಮಹಾಮಹೋಪಾಧ್ಯಾಯ ಪದವಿ ದೊರೆಯಿತು. 1903ರಿಂದ 1919ರವರೆಗೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದರೂ ಸಂಶೋಧನೆ ನಿಲ್ಲಲಿಲ್ಲ. 1937ರಲ್ಲಿ, ಎಂಬತ್ತು ದಾಟಿದ ಮೇಲೆ, ಕುರುಂತೊಗೈಯನ್ನು ಸಂಪಾದಿಸಿ ಕೊಟ್ಟರು. ಆತ್ಮಚರಿತ್ರೆ ಅಪೂರ್ಣವಾಗಿರುವಾಗಲೇ, 1942ರ ಏಪ್ರಿಲ್ 28ರಂದು, ಅವರ ಜೀವಯಾತ್ರೆ ಮುಗಿಯಿತು.

ಕುಂಭಕೋಣದ ಆ ಭೇಟಿ ನಡೆದ 1880ರಲ್ಲಿಯೇ ಧಾರವಾಡದಲ್ಲಿ ಫ. ಗು. ಹಳಕಟ್ಟಿಯವರು ಜನಿಸಿದರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ವಿಜಾಪುರದ ಆ ವಕೀಲರು ಮನೆಮನೆಯ ಜಗುಲಿಯೇರಿ ಶರಣರ ವಚನಗಳ ಓಲೆಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಕಾವೇರಿಯ ತೀರದಲ್ಲಿ ಒಬ್ಬರು ಮಾಡಿದ ತಪಸ್ಸನ್ನೇ ಕೃಷ್ಣೆಯ ಸೀಮೆಯಲ್ಲಿ ಇನ್ನೊಬ್ಬರು ಮಾಡಿದರು.

ಈಗ ಆ ಗ್ರಂಥಗಳು ಅಚ್ಚಾಗಿ ನಮ್ಮ ಗ್ರಂಥಾಲಯಗಳ ಕಪಾಟುಗಳಲ್ಲಿವೆ. ಹೊಳೆಯ ಭಯವಿಲ್ಲ, ಬೆಂಕಿಯ ಭಯವಿಲ್ಲ. ಆದರೆ ವರ್ಷಗಟ್ಟಲೆ ತೆರೆಯದ ಪುಸ್ತಕವೂ ಹೊಳೆಗೆ ಬಿಟ್ಟ ಓಲೆಯೂ ಓದುಗನ ಪಾಲಿಗೆ ಒಂದೇ. ದಾನಿಗಳು ಪುಸ್ತಕಗಳನ್ನು ಕೊಡಿಸಬಲ್ಲರು. ಅವನ್ನು ತೆರೆದು ಮಕ್ಕಳ ಮುಂದೆ ಓದುವ ಕಾರ್ಯ ಅಧ್ಯಾಪಕರದು. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ, ತಾವು ಏನನ್ನು ಓದಿದ್ದೇವೆಂದು ಕಿರಿಯರಿಗೆ ತಿಳಿಸಲಿ. ಏನನ್ನು ಓದಿಲ್ಲವೆಂಬುದನ್ನೂ ಸಂಕೋಚವಿಲ್ಲದೆ ಹೇಳಲಿ. ಅಯ್ಯರರ ನಿಜವಾದ ವಿದ್ಯಾಭ್ಯಾಸ ಮೊದಲಾದುದು ಅಂಥ ಒಂದು ಒಪ್ಪಿಗೆಯಿಂದಲೇ.