ದೊಡ್ಡ ಸ್ವಾಮಿಯವರು: ಅಬ್ಬೆ ದುಬಾಯ್

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಈ ಸೀಮೆಯಲ್ಲಿ ಕ್ರೈಸ್ತ ವಿಶ್ವಾಸ ಬೇರೂರಿದ ಬಗೆಯನ್ನು ಸ್ಮರಿಸುವಾಗ ಸಾತಳ್ಳಿಯ ಹೆಸರು ಬಾರದಿರದು. ಸಾತಳ್ಳಿಯೆಂದೊಡನೆ ಪೂಜ್ಯ ಅಬ್ಬೆ ದುಬಾಯ್ ಸ್ವಾಮಿಯವರನ್ನು ನೆನೆಯದಿರಲಾಗದು. ಧರ್ಮಸಭೆಯು ಇವರನ್ನು ಸಂತರ ಪಂಕ್ತಿಗೆ ಸೇರಿಸಿಲ್ಲ. ಪವಾಡಗಳ ಕೀರ್ತಿಯೂ ಇವರಿಗಿಲ್ಲ. ಆದರೂ ಸಹಸ್ರಾರು ಜನರನ್ನು ಮಾರಕ ವ್ಯಾಧಿಯಿಂದ ಕಾಪಾಡಲು ದುಡಿದ ಇವರನ್ನು ನಾವು ಮರೆಯುವುದು ತರವಲ್ಲ.

ಫ್ರಾನ್ಸ್ ದೇಶದವರಾದ ಇವರು 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸತೊಡಗಿದರು. ದೇಶೀಯ ಉಡುಪು ತೊಟ್ಟು, ತಲೆಗೆ ರುಮಾಲು ಸುತ್ತಿ, ಮಾಂಸಾಹಾರ ತ್ಯಜಿಸಿ ಹಳ್ಳಿಗರಂತೆ ಬಾಳಿದ ಇವರನ್ನು ಜನರು ದೊಡ್ಡ ಸ್ವಾಮಿಯವರೆಂದು ಕರೆದರು. ಬಡತನದಿಂದ ಬಳಲುತ್ತಿದ್ದ ಕ್ರೈಸ್ತರಿಗಾಗಿ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು.

ಅಂದಿನ ದೊಡ್ಡ ಭೀತಿ ಸಿಡುಬು. ಅದನ್ನು ಅಮ್ಮನೆಂದು ಕರೆದು ಬೇವಿನ ಸೊಪ್ಪು ಕಟ್ಟಿ ಕೈಮುಗಿಯುತ್ತಿದ್ದ ಕಾಲವದು. ಇಂಗ್ಲೆಂಡಿನ ಜೆನ್ನರ್ ವೈದ್ಯರು ಗೋಸಿಡುಬಿನಿಂದ ರೂಪಿಸಿದ ಲಸಿಕೆ 1802ರಲ್ಲಷ್ಟೇ ಭಾರತವನ್ನು ತಲುಪಿತ್ತು. ಒಬ್ಬನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬನ ತೋಳಿಗೆ ಹಾಕುವ ಕ್ರಮ. ಜಾತಿಭೇದ ಬಲವಾಗಿದ್ದ ನಾಡಿನಲ್ಲಿ ತೋಳು ನೀಡುವಂತೆ ಜನರನ್ನು ಒಪ್ಪಿಸುವುದೇನು ಸುಲಭವೇ? ಆದರೆ 1803-04ರ ಅವಧಿಯಲ್ಲಿ ಸ್ವಾಮಿಯವರ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಲಾಯಿತು. ಉಡುಪು ಊಟಗಳಲ್ಲಿ ಜನರೊಡನೆ ಬೆರೆತು ಗಳಿಸಿದ ನಂಬಿಕೆಯೇ ಇಲ್ಲಿ ಫಲಿಸಿತೆಂದು ನಮ್ಮ ಭಾವನೆ.

ಹಿಂದೂಗಳ ಆಚಾರವಿಚಾರಗಳ ಕುರಿತು ಇವರು ಬರೆದ ಗ್ರಂಥ 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಅದರ ಕೆಲವು ತೀರ್ಪುಗಳು ಕಟುವಾದವು; ಅವನ್ನು ನಾವು ಸಮರ್ಥಿಸಬೇಕಾಗಿಲ್ಲ. ತಮ್ಮ ಮಿಷನ್ ಕಾರ್ಯದ ಬಗೆಗೂ ಸ್ವಾಮಿಯವರಿಗೆ ಕೊನೆಗೆ ನಿರಾಶೆ ಕವಿದಿತ್ತು. ಈ ದೇಶದಲ್ಲಿ ಕ್ರೈಸ್ತ ಧರ್ಮ ಬೆಳೆಯುವ ಆಸೆಯಿಲ್ಲವೆಂಬ ಅಭಿಪ್ರಾಯವನ್ನು 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವರೇ ನೆಲೆಗೊಳಿಸಿದ ಸಾತಳ್ಳಿಯ ಒಕ್ಕಲುಗಳಾದರೋ ಆ ಮಾತನ್ನು ಸುಳ್ಳಾಗಿಸಿದರು.

ಅದೇ ವರ್ಷದ ಜನವರಿಯಲ್ಲಿ ಭಾರತವನ್ನು ಬಿಟ್ಟ ಸ್ವಾಮಿಯವರು ಪ್ಯಾರಿಸ್ಸಿನ ಗುರುಮಠದಲ್ಲಿ ಸೇವೆ ಸಲ್ಲಿಸಿ, 1848ರ ಫೆಬ್ರವರಿ 17ರಂದು ದೈವಾಧೀನರಾದರು. ಸಾತಳ್ಳಿಯನ್ನು ಅವರು ಮತ್ತೆ ಕಾಣಲಿಲ್ಲ.