ಮಾನ್ಯಖೇಟದ ಅರುವತ್ತನಾಲ್ಕು ವರ್ಷಗಳು

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವನ್ನು ಇಂದು ಕಾಣುವವರಿಗೆ, ಅದು ಹಿಂದೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದಿತೆಂದು ನಂಬುವುದು ಕಷ್ಟವೇ ಸರಿ. ಅಲ್ಲಿಂದ ಸುಮಾರು 64 ವರ್ಷಗಳ ಕಾಲ ಆಳಿದ ಅಮೋಘವರ್ಷ ನೃಪತುಂಗನ ಚರಿತ್ರೆಯನ್ನು ಅಧಿಕಾರಸ್ಥಾನಗಳಲ್ಲಿರುವ ನಮ್ಮ ವಾಚಕ ಮಹಾಶಯರು ಮತ್ತೊಮ್ಮೆ ಪರ್ಯಾಲೋಚಿಸಬೇಕೆಂಬುದು ನಮ್ಮ ಅಪೇಕ್ಷೆ. ತನ್ನ ಸ್ವಭಾವಕ್ಕೆ ಒಗ್ಗದ ಉದ್ಯೋಗವನ್ನು ಮನುಷ್ಯನು ಎಷ್ಟು ಕಾಲ ದಕ್ಷತೆಯಿಂದ ನಿರ್ವಹಿಸಬಲ್ಲನೆಂಬುದಕ್ಕೆ ಇದಕ್ಕಿಂತ ದೀರ್ಘವಾದ ಪರೀಕ್ಷೆಯನ್ನು ನಾವರಿಯೆವು.

ತಂದೆ ಮುಮ್ಮಡಿ ಗೋವಿಂದನು ಹುಟ್ಟು ದಂಡನಾಯಕನು. ಉತ್ತರದ ಪ್ರತೀಹಾರರನ್ನೂ ಕಂಚಿಯ ಪಲ್ಲವರನ್ನೂ ತಗ್ಗಿಸಿದವನು. 814ರಲ್ಲಿ ಪಟ್ಟವೇರಿದ ಮಗನಾದರೋ ಇನ್ನೂ ಬಾಲಕ. ಸಾಮಂತರು ತಿರುಗಿಬಿದ್ದರು, ಕೆಲಕಾಲ ಸಿಂಹಾಸನವೇ ಕೈತಪ್ಪಿತು. ಗುಜರಾತಿನ ಶಾಖೆಯ ಕರ್ಕನು ದಂಗೆಯನ್ನಡಗಿಸಿ 821ರ ಹೊತ್ತಿಗೆ ಅವನನ್ನು ಮರಳಿ ನೆಲೆಗೊಳಿಸಿದನು.

ಇಂತಹ ಆರಂಭವನ್ನು ಕಂಡ ಅರಸನು ಕ್ರೂರಿಯಾಗುವುದುಂಟು, ಇಲ್ಲವೆ ಪರಾಧೀನನಾಗುವುದುಂಟು. ನೃಪತುಂಗನು ಎರಡೂ ಆಗಲಿಲ್ಲ. ಯುದ್ಧವು ತಪ್ಪದಿದ್ದಾಗ ವಿಂಗವಳ್ಳಿಯಲ್ಲಿ ವೆಂಗಿಯ ಚಾಲುಕ್ಯರನ್ನು ಸೋಲಿಸಿದನು. ಗಂಗರ ಮೇಲಿನ ಹೊಣೆಯನ್ನು ಬಂಕೇಯನೆಂಬ ಸಮರ್ಥ ಸೇನಾನಿಗೆ ವಹಿಸಿ, ಅವನ ಕೀರ್ತಿಗೆ ಕರುಬದೆ ಬನವಾಸಿಯ ಆಡಳಿತವನ್ನೂ ಕೊಟ್ಟನು. (ಕೈಕೆಳಗಿನವರ ಯಶಸ್ಸನ್ನು ಸಹಿಸುವ ಮೇಲಧಿಕಾರಿಗಳು ಅಂದಿಗೂ ಇಂದಿಗೂ ವಿರಳವೇ.) ಬಹುಕಾಲದ ಆ ಹಗೆಯು ಕೊನೆಗೆ ಮುಗಿದದ್ದು ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಧಾರೆಯೆರೆದುದರಿಂದ. ಉತ್ತರದಲ್ಲಿ ತಂದೆಯ ಪ್ರತಾಪವನ್ನು ಈತನು ಉಳಿಸಿಕೊಳ್ಳಲಿಲ್ಲವೆಂಬ ಆಕ್ಷೇಪಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 851ರ ಅರಬ್ಬೀ ವೃತ್ತಾಂತವು ಮಾನ್ಯಖೇಟದ ಬಲ್ಹರನನ್ನು ಖಲೀಫ, ಚೀನಾ ಮತ್ತು ರೂಮಿನ ಚಕ್ರವರ್ತಿಗಳೊಡನೆ ಲೋಕದ ನಾಲ್ವರು ಮಹಾರಾಜರಲ್ಲಿ ಎಣಿಸಿತೆಂಬುದನ್ನು ಆಕ್ಷೇಪಿಸುವವರು ಮರೆಯಲಾಗದು.

ಅವನ ಮನಸ್ಸು ನೆಲೆಸಿದ್ದುದು ವಿದ್ಯೆಯಲ್ಲಿ. ಜಿನಸೇನಾಚಾರ್ಯರು ಅವನ ಗುರುಗಳು. ಗಣಿತಜ್ಞ ಮಹಾವೀರಾಚಾರ್ಯರು ಅವನನ್ನು ಕೊಂಡಾಡಿದರು. ಶಾಕಟಾಯನನು ತನ್ನ ವ್ಯಾಕರಣವೃತ್ತಿಗೆ ಅವನ ಹೆಸರನ್ನೇ ಇಟ್ಟನು. ಕನ್ನಡಕ್ಕೆ ಉಳಿದಿರುವ ಅತಿ ಪ್ರಾಚೀನ ಗ್ರಂಥವಾದ ಕವಿರಾಜಮಾರ್ಗವು ಆ ಸಭೆಯಲ್ಲಿಯೇ ಹುಟ್ಟಿತು. ಅದು ಅರಸನದೋ ಶ್ರೀವಿಜಯನದೋ ಎಂಬ ವಾದವು ಪಂಡಿತರಿಗಿರಲಿ.

ಹಾಗೆಂದು ಅವನು ರಾಜಕಾರ್ಯವನ್ನು ಅಸಡ್ಡೆಮಾಡಿದವನಲ್ಲ. 871ರ ಸಂಜಾನ ತಾಮ್ರಶಾಸನವು, ಪ್ರಜೆಗಳಿಗೆ ಒದಗಿದ ವಿಪತ್ತು ಕಳೆಯಲೆಂದು ಅವನು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಹೇಳುತ್ತದೆ. ಪ್ರಶಸ್ತಿಕಾರರ ಅತಿಶಯೋಕ್ತಿಯನ್ನು ಕಳೆದರೂ, ಎಪ್ಪತ್ತು ದಾಟಿದ ಅರಸನ ವಿಷಯದಲ್ಲಿ ಶಾಸನವು ಗೆದ್ದ ಕೋಟೆಗಳ ಜೊತೆಗೆ ಈ ಬೆರಳನ್ನು ನೆನೆದದ್ದು ಗಮನಾರ್ಹವಾದುದು. ಕೊನೆಯಲ್ಲಿ ವೈರಾಗ್ಯದಿಂದ ರಾಜ್ಯಭಾರವನ್ನು ತ್ಯಜಿಸಿದನೆಂದು ಪ್ರಶ್ನೋತ್ತರರತ್ನಮಾಲಿಕೆಯಿಂದ ತಿಳಿದುಬರುತ್ತದೆ. ಸುಮಾರು 878ರಲ್ಲಿ ಮಗನಾದ ಇಮ್ಮಡಿ ಕೃಷ್ಣನು ಪಟ್ಟಕ್ಕೆ ಬಂದನು. ಮಾನ್ಯಖೇಟದ ವಿದ್ವತ್ಸಭೆಯೊಡನೆ ವೆಂಗಿಯ ತೀರದ ಹಗೆಯೂ ಅವನ ಪಾಲಿಗೆ ಬಂದಿತು.