ಹೆನ್ರಿ ವಾಟ್ಸನ್ ಫೌಲರ್

ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ನುಡಿಗಟ್ಟಿನ ಪ್ರಯೋಗ ಸಾಧುವೇ ಅಸಾಧುವೇ ಎಂಬ ಶಂಕೆ ಮೂಡಿದಾಗ ಉಪಾಧ್ಯಾಯರೂ ಪತ್ರಿಕಾಕರ್ತರೂ ತೆರೆದು ನೋಡುತ್ತ ಬಂದಿರುವ ಗ್ರಂಥಗಳಲ್ಲಿ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ ಪ್ರಮುಖವಾದುದು. ಅದರ ಕರ್ತೃ ಫೌಲರರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಲ್ಲ. ಶಾಲೆಯಲ್ಲಿ ಪಾಠ ಹೇಳಿದ ಉಪಾಧ್ಯಾಯರು.

ಫೌಲರರು 1858ರ ಮಾರ್ಚ್ 10ರಂದು ಇಂಗ್ಲೆಂಡಿನ ಟನ್‌ಬ್ರಿಜ್‌ನಲ್ಲಿ ಜನಿಸಿದರು. ರಗ್ಬಿ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, 1882ರಲ್ಲಿ ಸೆಡ್ಬರ್ ಶಾಲೆಯನ್ನು ಸೇರಿ ಹದಿನೇಳು ವರ್ಷ ಬೋಧಿಸಿದರು. ಅಲ್ಲಿ ವಿದ್ಯಾರ್ಥಿನಿಲಯದ ಮೇಲ್ವಿಚಾರಕ ಪದವಿ ಪಡೆಯಬೇಕಾದರೆ ಬಾಲಕರನ್ನು ಕ್ರೈಸ್ತ ದೀಕ್ಷೆಗೆ ಸಿದ್ಧಗೊಳಿಸಬೇಕಾಗಿತ್ತು. ತಮಗೆ ನಂಬಿಕೆಯಿಲ್ಲದುದನ್ನು ಮಕ್ಕಳಿಗೆ ಬೋಧಿಸಲು ಅವರ ಮನಸ್ಸು ಒಪ್ಪಲಿಲ್ಲ. 1899ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಉದ್ಯೋಗವನ್ನೇ ತ್ಯಜಿಸಿದರು.

ಲಂಡನ್ನಿನಲ್ಲಿ ಲೇಖನ ಬರೆಯುತ್ತ ಮಿತವ್ಯಯದಿಂದ ಕೆಲಕಾಲ ಬಾಳಿ, 1903ರಲ್ಲಿ ಗರ್ನ್ಸಿ ದ್ವೀಪದಲ್ಲಿದ್ದ ತಮ್ಮ ಫ್ರಾನ್ಸಿಸ್‌ರ ಬಳಿಗೆ ಹೋದರು. ಸೋದರರಿಬ್ಬರೂ ಕೂಡಿ ರಚಿಸಿದ ‘ದಿ ಕಿಂಗ್ಸ್ ಇಂಗ್ಲಿಷ್’ 1906ರಲ್ಲಿ ಪ್ರಕಟವಾಯಿತು. ಬರಿಯ ಸೂತ್ರಗಳನ್ನು ಹೇಳಿ ಮುಗಿಸುವ ವ್ಯಾಕರಣ ಅದಲ್ಲ. ಹೆಸರಾಂತ ಲೇಖಕರ ಕೃತಿಗಳಿಂದಲೂ ‘ದಿ ಟೈಮ್ಸ್’ನಂಥ ಪತ್ರಿಕೆಗಳಿಂದಲೂ ತಪ್ಪು ಪ್ರಯೋಗಗಳನ್ನೇ ಆಯ್ದು, ಮೂಲವನ್ನು ಓದುಗರ ಮುಂದಿಟ್ಟು ಪರೀಕ್ಷಿಸಿದ ಗ್ರಂಥ. 1911ರಲ್ಲಿ ‘ಕನ್ಸೈಸ್ ಆಕ್ಸ್‌ಫರ್ಡ್ ಡಿಕ್ಷನರಿ’ ಹೊರಬಂದಿತು. 1915ರಲ್ಲಿ, ಐವತ್ತೇಳರ ಪ್ರಾಯದಲ್ಲಿ, ನಲವತ್ತನಾಲ್ಕೆಂದು ಹೇಳಿ ಫೌಲರರು ಸೈನ್ಯ ಸೇರಿದರು. ಸತ್ಯನಿಷ್ಠರಾದ ಅವರು ಹೇಳಿದ ಈ ಸುಳ್ಳು ಸ್ವಾರ್ಥಕ್ಕಾಗಿ ಆಗಿರಲಿಲ್ಲ. 1918ರಲ್ಲಿ ಫ್ರಾನ್ಸಿಸ್ ಕ್ಷಯದಿಂದ ನಿಧನರಾದರು. ಅಣ್ಣನು ಒಬ್ಬನೇ ಕುಳಿತು ಪೂರ್ಣಗೊಳಿಸಿದ ಮಹಾಕೃತಿ 1926ರಲ್ಲಿ ಪ್ರಕಟವಾಯಿತು. ಅದನ್ನು ತಮ್ಮನ ಸ್ಮೃತಿಗೆ ಅರ್ಪಿಸಿದರು.

ಅವರ ಪರೀಕ್ಷಾಕ್ರಮಕ್ಕೆ ಎರಡು ನಿದರ್ಶನಗಳು ಸಾಕು. ‘ಲೀಡಿಂಗ್ ಕ್ವೆಶ್ಚನ್’ ಎಂದರೆ ಇಕ್ಕಟ್ಟಿಗೆ ಸಿಲುಕಿಸುವ ಪ್ರಶ್ನೆಯೆಂದು ಹಲವರು ಭಾವಿಸಿದ್ದರು. ಅದು ನ್ಯಾಯಾಲಯದ ಮಾತು. ಬೇಕಾದ ಉತ್ತರವನ್ನು ಸಾಕ್ಷಿಗೆ ತಾನೇ ಸೂಚಿಸಿಕೊಡುವ ಪ್ರಶ್ನೆ ಎಂದೇ ಅದರ ಅರ್ಥ. ‘ದಿ ಎಕ್ಸೆಪ್ಶನ್ ಪ್ರೂವ್ಸ್ ದಿ ರೂಲ್’ ಎಂಬುದನ್ನು ನಿಯಮ ಮುರಿದುಬಿದ್ದಾಗ ಅದನ್ನು ಉಳಿಸಿಕೊಳ್ಳುವ ಉಪಾಯವಾಗಿ ಜನ ಬಳಸುತ್ತಿದ್ದರು. ಮೂಲಾರ್ಥವೇ ಬೇರೆ: ಇಂದು ರಾತ್ರಿ ಹನ್ನೊಂದರವರೆಗೆ ಸೈನಿಕರು ಹೊರಗಿರಬಹುದೆಂದು ವಿಶೇಷ ಅಪ್ಪಣೆಯಾದರೆ, ಉಳಿದ ದಿನಗಳಲ್ಲಿ ಅದಕ್ಕೆ ಮುಂಚೆಯೇ ಮರಳಬೇಕೆಂಬ ನಿಯಮ ಉಂಟೆಂದು ಸಿದ್ಧವಾಗುತ್ತದೆ. ಹೀಗೆ ಮಾತಿನ ಹುಟ್ಟು, ಅರ್ಥ, ಸಂದರ್ಭಗಳನ್ನು ತೂಗಿ ನೋಡಿದರು. ಅಂಧಶ್ರದ್ಧೆಯ ನಿಯಮಗಳನ್ನೂ ಅವರು ಮನ್ನಿಸಲಿಲ್ಲ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಶನ್ ಬರಕೂಡದೆಂಬ ನಿಷೇಧವನ್ನು ನಿರಾಕರಿಸಿದರು.

ಅವರ ತೀರ್ಪುಗಳೆಲ್ಲ ನಿರ್ವಿವಾದವಲ್ಲ. ‘ಇಂಗ್’ ಪ್ರತ್ಯಯಾಂತ ಕೃದಂತಕ್ಕೆ ಮುಂಚೆ ಬರುವ ನಾಮಪದ ಷಷ್ಠಿಯಲ್ಲಿಯೇ ಇರಬೇಕೆಂದು ಅವರು ಹಟ ಹಿಡಿದಾಗ, ಡೆನ್ಮಾರ್ಕಿನ ವಿದ್ವಾಂಸ ಒಟ್ಟೊ ಯೆಸ್ಪರ್ಸನ್ ಹಳೆಯ ಸಾಹಿತ್ಯದ ಪ್ರಯೋಗಗಳನ್ನು ತೋರಿಸಿ ಖಂಡಿಸಿದರು. ಅನ್ಯರ ಬರಹವನ್ನು ಸಾಕ್ಷ್ಯದಿಂದ ಅಳೆದವರನ್ನು ಸಾಕ್ಷ್ಯದಿಂದಲೇ ಅಳೆದದ್ದು ನ್ಯಾಯವೇ ಸರಿ.

1933ರ ಡಿಸೆಂಬರ್ 26ರಂದು ಫೌಲರರು ಕಾಲವಶರಾದರು. ಅವರ ಗ್ರಂಥವು 1965, 1996 ಮತ್ತು 2015ರಲ್ಲಿ ಅನ್ಯರಿಂದ ಪರಿಷ್ಕೃತವಾಗಿ ಬಾಳುತ್ತಿದೆ. ನಂಬದುದನ್ನು ಬೋಧಿಸಲಾರೆನೆಂದು ಶಾಲೆ ಬಿಟ್ಟವರು, ಅರ್ಥವರಿಯದ ಮಾತನ್ನು ಬರೆಯಬಾರದೆಂಬ ಪಾಠವನ್ನು ಲೋಕಕ್ಕೆ ಕಲಿಸಿದರು. ವಿದ್ಯಾರ್ಥಿಯ ಬರಹವನ್ನು ತಿದ್ದಲು ಕುಳಿತ ಉಪಾಧ್ಯಾಯರಿಗೆ ಈ ಎರಡೂ ಒಂದೇ ಧರ್ಮದ ಎರಡು ಮುಖಗಳಾಗಿ ಕಾಣುತ್ತವೆ.